ಬಿಸಾಡುವ ಉಪ್ಪುನೀರಿನ ಬಲ

ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕದ ಮುಂಭಾಗ ಎಲ್ಲರಿಗೂ ಗೊತ್ತು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಹಿಂಭಾಗಕ್ಕೆ ಹೋಗಿ ನೋಡುವವರು ಕಡಿಮೆ. ಅಲ್ಲಿ ಗೋಡೆಯಿಂದ ಹೊರಚಾಚಿದ ಸಣ್ಣ ಪೈಪೊಂದು ಮೋರಿಗೆ ನೀರು ಬಿಡುತ್ತಲೇ ಇರುತ್ತದೆ. ಆರ್‌ಓ ಪೊರೆಯನ್ನು ದಾಟಲಾರದೆ ಉಳಿದ, ಲವಣ ಹೆಚ್ಚಿರುವ ನೀರದು. ಘಟಕ ನೋಡಿಕೊಳ್ಳುವವರು ಅದನ್ನು ‘ವೇಸ್ಟ್ ನೀರು’ ಅನ್ನುತ್ತಾರೆ. ಹೀಗೆ ಹರಿದುಹೋಗುವ ನೀರನ್ನು ಕಂಡು ಮರುಗುವವರಿದ್ದಾರೆ. ಆದರೆ ನೀರಿನ ಜೊತೆಗೆ ಇನ್ನೊಂದೂ ಮೋರಿ ಸೇರುತ್ತದೆ. ಪಂಪು ಆ ನೀರಿಗೆ ಕೊಟ್ಟಿದ್ದ ಒತ್ತಡ ಅದು, ಅಂದರೆ ನಾವು ದುಡ್ಡು ಕೊಟ್ಟ ವಿದ್ಯುತ್ತು.

ಬೋರ್‌ವೆಲ್ ನೀರಿಗೆ ಬೇಕಾದ ಒತ್ತಡ ಕಡಿಮೆ, ಹಾಗಾಗಿ ಈ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅದೇ ತಂತ್ರವನ್ನು ಸಮುದ್ರದ ದಡಕ್ಕೆ ಒಯ್ದರೆ ಈ ನಷ್ಟವೇ ಇಡೀ ಸ್ಥಾವರದ ಹಣೆಬರಹ ಬರೆಯುತ್ತದೆ. ಕಡಲನೀರನ್ನು ಸಿಹಿಯಾಗಿಸುವ ಕೆಲಸ ಐವತ್ತು ವರ್ಷಗಳ ಹಿಂದೆ ಎಣ್ಣೆ ದುಡ್ಡಿರುವ ದೇಶಗಳಿಗೆ ಮಾತ್ರ ಎಟಕುತ್ತಿತ್ತು. ಇಂದು ಚೆನ್ನೈ, ಪರ್ತ್, ಟೆಲ್ ಅವೀವ್‌ಗಳ ನಲ್ಲಿಗಳಲ್ಲಿ ಆ ನೀರು ಬರುತ್ತಿದೆ. ಇದಕ್ಕೆ ಒಳ್ಳೆಯ ಪೊರೆಗಳು ಎಷ್ಟು ಕಾರಣವೋ, ಹೊರಹೋಗುವ ಉಪ್ಪುನೀರಿನ ಬಲವನ್ನು ಹಿಂದಕ್ಕೆ ಪಡೆಯುವ ಯಂತ್ರಗಳೂ ಅಷ್ಟೇ ಕಾರಣ. ಆ ಯಂತ್ರಗಳಲ್ಲಿ ಯಾವುದು ಮೇಲು, ಉಳಿಸುವುದಕ್ಕೆ ಇನ್ನೆಷ್ಟು ಬಾಕಿಯಿದೆ, ಅದನ್ನು ಎಲ್ಲಿ ಹುಡುಕಬೇಕು ಎಂಬ ಬಗ್ಗೆ ಎಂಜಿನಿಯರುಗಳ ನಡುವೆ ಚರ್ಚೆ ನಡೆಯುತ್ತಲೇ ಇದೆ. ಆ ಚರ್ಚೆಯನ್ನು ಮೊದಲಿನಿಂದ ನೋಡೋಣ.

ಸಾವಿರ ಲೀಟರಿನ ಲೆಕ್ಕ

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳುವಾದ ಪೊರೆಯೊಂದನ್ನು ನಡುವೆ ಇಟ್ಟು ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಈ ನೀರು ಇಟ್ಟರೆ ಸಿಹಿನೀರು ತಾನಾಗಿ ಉಪ್ಪಿನ ಕಡೆಗೆ ನುಗ್ಗುತ್ತದೆ. ಅದನ್ನು ತಡೆದು ನಿಲ್ಲಿಸಲು 27 ಬಾರ್‌ನಷ್ಟು ಒತ್ತಡ ಬೇಕು. ಹಿಮ್ಮುಖವಾಗಿ ನೀರನ್ನು ಹೊರಹಾಕಬೇಕಾದರೆ ಅದಕ್ಕಿಂತ ಹೆಚ್ಚು ಒತ್ತಬೇಕು. ನೀರು ಹೊರಬಂದಂತೆಲ್ಲ ಉಳಿದ ನೀರು ಗಟ್ಟಿಯಾಗುತ್ತ ಹೋಗುವುದರಿಂದ, ಕೊನೆಗೆ 55ರಿಂದ 70 ಬಾರ್‌ವರೆಗೆ ಒತ್ತಡ ಕೊಡಬೇಕಾಗುತ್ತದೆ.

60 ಬಾರ್ ಎಂದರೆ 600 ಮೀಟರ್ ಎತ್ತರದ ನೀರಿನ ಕಂಬದ ಭಾರ. ನಮಗೆ ಗೊತ್ತಿರುವ ಒಂದು ಅಳತೆಯೊಡನೆ ಇದನ್ನು ಹೋಲಿಸಬಹುದು. ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಬೆಂಗಳೂರು ಸೇರುತ್ತದೆ. ಕಡಲನೀರನ್ನು ಪೊರೆಯ ಮುಂದೆ ತಂದು ನಿಲ್ಲಿಸುವುದಕ್ಕೆ ಅದಕ್ಕಿಂತ ಹೆಚ್ಚು ಎತ್ತರ ಏರಿಸಿದಷ್ಟು ಶ್ರಮ ಬೇಕು. ಬೆಂಗಳೂರಿಗೆ ಏರುವುದೆಲ್ಲ ಸಿಹಿನೀರೇ. ಇಲ್ಲಿ ಏರಿಸಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಸಿಹಿನೀರಾಗುತ್ತದೆ, ಉಳಿದದ್ದನ್ನು ಬಿಸಾಡಬೇಕು.

ಅಂಕಿಯಲ್ಲೇ ನೋಡೋಣ. ನೂರು ಪಾಲು ಕಡಲನೀರಿನಲ್ಲಿ 40 ಪಾಲು ಸಿಹಿನೀರು ಸಿಗುವ ಸ್ಥಾವರ ಎಂದಿಟ್ಟುಕೊಳ್ಳಿ. ಸಾವಿರ ಲೀಟರ್ ಸಿಹಿನೀರಿಗೆ ಎರಡೂವರೆ ಸಾವಿರ ಲೀಟರನ್ನು 60 ಬಾರ್‌ಗೆ ಏರಿಸಬೇಕು. ಪಂಪು ಮತ್ತು ಮೋಟಾರಿನ ನಷ್ಟ ಸೇರಿ ಇದಕ್ಕೆ ಸುಮಾರು 5 ಯೂನಿಟ್ ವಿದ್ಯುತ್ತು ಬೇಕು. ಪೊರೆಯ ಕೊಳವೆಗಳಲ್ಲಿ ನೀರು ಹರಿಯುವಾಗ ಕಳೆದುಕೊಳ್ಳುವ ಒತ್ತಡ ಎರಡು ಬಾರ್‌ನಷ್ಟು ಮಾತ್ರ. ಹಾಗಾಗಿ ಉಳಿದ ಒಂದೂವರೆ ಸಾವಿರ ಲೀಟರ್ ಬ್ರೈನ್, ಅಂದರೆ ಆ ಗಟ್ಟಿ ಉಪ್ಪುನೀರು, ಹೊರಬರುವಾಗಲೂ 58 ಬಾರ್ ಒತ್ತಡದಲ್ಲೇ ಇರುತ್ತದೆ. ಅದರೊಳಗೆ 2.4 ಯೂನಿಟ್‌ನಷ್ಟು ಶಕ್ತಿ ಕೂತಿದೆ. ನಲ್ಲಿ ತಿರುಗಿಸಿ ಸಮುದ್ರಕ್ಕೆ ಬಿಟ್ಟರೆ ಅಷ್ಟೂ ಶಬ್ದವಾಗಿ, ಬಿಸಿಯಾಗಿ, ನೊರೆಯಾಗಿ ಹೋಗುತ್ತದೆ.

ಮುಂದಿನ ಚರ್ಚೆಗಳೆಲ್ಲ ಈ 2.4 ಯೂನಿಟ್‌ನ ಸುತ್ತ ಹುಟ್ಟಿದವು.

ಕವಾಟದ ಕಾಲ

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ 1960ರ ಹೊತ್ತಿಗೆ ಬಳಕೆಗೆ ಬರುವಂಥ ಮೊದಲ ಪೊರೆ ತಯಾರಿಸಿದರು. ಅದಕ್ಕೂ ಮೊದಲಿನ ಪೊರೆಗಳು ಉಪ್ಪನ್ನು ತಡೆಯುತ್ತಿದ್ದವು, ಆದರೆ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದವು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಆಲಿಂಗಾ ಎಂಬ ಸಣ್ಣ ಊರಿನ ಜನ ಈ ಬಗೆಯ ನೀರು ಕುಡಿದರು. ಅದು ಉಪ್ಪಾದ ಅಂತರ್ಜಲ, ಕಡಲನೀರಲ್ಲ. ಕಡಲನೀರಿನ ದೊಡ್ಡ ಸ್ಥಾವರ ಬಂದದ್ದು 1978ರಲ್ಲಿ, ಸೌದಿಯ ಜೆದ್ದಾದಲ್ಲಿ. 1982ರಲ್ಲಿ ಮಾಲ್ಟಾ ದ್ವೀಪದ ಘಾರ್ ಲಾಪ್ಸಿಯಲ್ಲಿ ದಿನಕ್ಕೆ 2 ಕೋಟಿ ಲೀಟರಿನ ಸ್ಥಾವರ ಶುರುವಾದಾಗ ಆ ಬಗೆಯಲ್ಲಿ ಅದೇ ಜಗತ್ತಿಗೆ ದೊಡ್ಡದು.

ಆರಂಭದ ಪೊರೆಗಳು ನೂರಕ್ಕೆ 25ರಿಂದ 30 ಪಾಲು ಮಾತ್ರ ಸಿಹಿನೀರು ಕೊಡುತ್ತಿದ್ದವು. ಅಂದರೆ ಒತ್ತಡಕ್ಕೇರಿಸಿದ ನೀರಿನ ಮುಕ್ಕಾಲು ಭಾಗ ಕವಾಟದ ಮೂಲಕ ವ್ಯರ್ಥವಾಗುತ್ತಿತ್ತು. ಸಾವಿರ ಲೀಟರಿಗೆ ಹತ್ತು ಯೂನಿಟ್ ದಾಟುವುದು ಆಗ ಸಾಮಾನ್ಯ. ಕೊಲ್ಲಿ ದೇಶಗಳು ನೀರನ್ನು ಕುದಿಸಿ ಆವಿ ಹಿಡಿಯುವ ಹಳೆಯ ವಿಧಾನವನ್ನೇ ದಶಕಗಳ ಕಾಲ ಬಿಡದಿದ್ದದ್ದಕ್ಕೆ ಇದೂ ಒಂದು ಕಾರಣ.

ಚಕ್ರ ತಿರುಗಿಸುವವರು

ಮೊದಲ ಪರಿಹಾರ ಜಲವಿದ್ಯುತ್ತಿನಿಂದ ಬಂತು. ಒತ್ತಡದ ನೀರು ಕೈಯಲ್ಲಿದ್ದರೆ ಅದರಿಂದ ಚಕ್ರ ತಿರುಗಿಸಬಹುದು, ಆ ಚಕ್ರವನ್ನು ಪಂಪಿನ ದಂಡಕ್ಕೆ ಕಟ್ಟಿದರೆ ಮೋಟಾರಿನ ಹೊರೆ ಇಳಿಯುತ್ತದೆ. ಕೆಲವರು ಸಾಮಾನ್ಯ ಪಂಪನ್ನೇ ಹಿಮ್ಮುಖವಾಗಿ ಓಡಿಸಿ ಟರ್ಬೈನು ಮಾಡಿಕೊಂಡರು. ಅದು ಅಗ್ಗ, ಆದರೆ ಹರಿವು ಸ್ವಲ್ಪ ಏರುಪೇರಾದರೂ ದಕ್ಷತೆ ಕುಸಿಯುತ್ತಿತ್ತು. ಹೆಚ್ಚು ಗಟ್ಟಿಯಾಗಿ ನಿಂತದ್ದು ಪೆಲ್ಟನ್ ಚಕ್ರ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಯಂತ್ರವದು. ಅಂಚಿಗೆ ಜೋಡಿ ಬಟ್ಟಲುಗಳನ್ನು ಕೂರಿಸಿದ ಗಾಲಿಗೆ ಸೂಜಿಯಂಥ ಮೂತಿಯಿಂದ ನೀರು ಅಪ್ಪಳಿಸುತ್ತದೆ.

ಇದು ನಮಗೆ ಅಪರಿಚಿತ ಯಂತ್ರವಲ್ಲ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ತಿರುಗುವುದೂ ಪೆಲ್ಟನ್ ಚಕ್ರಗಳೇ. ಅಲ್ಲಿ ನೀರು ಬೀಳುವ ಎತ್ತರ ಸುಮಾರು 440 ಮೀಟರ್. ಬ್ರೈನಿನ 58 ಬಾರ್ ಎಂದರೆ 580 ಮೀಟರ್. ಆರ್‌ಓ ಸ್ಥಾವರದ ಕೊನೆಯ ಪೈಪಿನಲ್ಲಿ ಶರಾವತಿಗಿಂತ ಎತ್ತರದ ಜಲಪಾತವೊಂದು ಅಡಗಿದೆ. ಅದನ್ನು ಮೋರಿಗೆ ಬಿಡುವುದು ತಪ್ಪೆಂದು ಅರಿತವರು 1980ರ, 90ರ ದಶಕಗಳಲ್ಲಿ ಒಂದಾದ ಮೇಲೊಂದು ಸ್ಥಾವರಕ್ಕೆ ಪೆಲ್ಟನ್ ಜೋಡಿಸಿದರು.

ಈ ಪಂಥದವರ ವಾದ ಸರಳ. ಯಂತ್ರ ಹಳೆಯದು, ಪಳಗಿದ್ದು, ಯಾವ ಮೆಕ್ಯಾನಿಕ್ಕಿಗೂ ಅರ್ಥವಾಗುವಂಥದ್ದು. ಬ್ರೈನ್ ಒಳಬರುವ ನೀರಿನೊಡನೆ ಬೆರೆಯುವುದಿಲ್ಲ. ದಕ್ಷತೆ ನೂರಕ್ಕೆ 85ರ ಆಸುಪಾಸು. ನಮ್ಮ ಲೆಕ್ಕಕ್ಕೆ ತಂದರೆ 5 ಯೂನಿಟ್ ಬೇಕಾದಲ್ಲಿ 3 ಸಾಕಾಗುತ್ತದೆ. ಇದು ಸಣ್ಣ ಸಾಧನೆಯಲ್ಲ.

ಇದೇ ಬಳಗದ ಇನ್ನೊಂದು ಯಂತ್ರ ಟರ್ಬೋಚಾರ್ಜರ್. ಒಂದೇ ದಂಡದ ಒಂದು ತುದಿಗೆ ಟರ್ಬೈನು, ಇನ್ನೊಂದು ತುದಿಗೆ ಪಂಪು. ಮೋಟಾರೂ ಇಲ್ಲ, ವಿದ್ಯುತ್ ತಂತಿಯೂ ಇಲ್ಲ. ಬ್ರೈನ್ ಒಂದು ಕಡೆ ತಿರುಗಿಸಿದರೆ ಒಳಬರುವ ನೀರಿನ ಒತ್ತಡ ಇನ್ನೊಂದು ಕಡೆ ಏರುತ್ತದೆ. ದಕ್ಷತೆ ಸ್ವಲ್ಪ ಕಡಿಮೆ, ಆದರೆ ಗಾತ್ರ ಚಿಕ್ಕದು, ಬೆಲೆ ಕಡಿಮೆ, ಎಲ್ಲಿ ಬೇಕಾದರೂ ಕೂರಿಸಬಹುದು. ಇದನ್ನು ಹಳೆಯ ತಂತ್ರವೆಂದು ಬದಿಗೆ ಸರಿಸುವವರಿದ್ದಾರೆ. ಅದು ಅವಸರದ ತೀರ್ಪು, ಯಾಕೆಂಬುದು ಮುಂದೆ ಕಾಣುತ್ತದೆ.

ಒತ್ತಡದ ನೇರ ಕೈಬದಲು

ಚಕ್ರದ ದಾರಿಯಲ್ಲಿ ಒಂದು ಮೂಲ ದೋಷವಿದೆ. ನೀರಿನ ಒತ್ತಡ ಮೊದಲು ತಿರುಗುವ ದಂಡದ ಬಲವಾಗಬೇಕು, ಆ ಬಲ ಪಂಪಿನ ಮೂಲಕ ಮತ್ತೆ ನೀರಿನ ಒತ್ತಡವಾಗಬೇಕು. ಎರಡು ಸಲ ರೂಪ ಬದಲು, ಎರಡು ಸಲ ತೆರಿಗೆ. ಒತ್ತಡದಲ್ಲಿರುವ ನೀರೇ ಪಕ್ಕದ ನೀರನ್ನು ನೇರವಾಗಿ ತಳ್ಳಿದರೆ ಆಗದೇ?

ಬಾವಿಯ ರಾಟೆಗೆ ಹಗ್ಗದ ಎರಡು ತುದಿಗೂ ಕೊಡ ಕಟ್ಟಿ ಸೇದುವುದನ್ನು ಕಂಡವರಿಗೆ ಈ ಯೋಚನೆ ಬೇಗ ಹಿಡಿಸುತ್ತದೆ. ಖಾಲಿ ಕೊಡ ಇಳಿಯುವಾಗ ಅದರ ತೂಕ ತುಂಬಿದ ಕೊಡಕ್ಕೆ ಒತ್ತಾಸೆ. ಸೇದುವವರು ನೀರಿನ ತೂಕವನ್ನಷ್ಟೇ ಎತ್ತಿದರಾಯಿತು, ಕೊಡದ ತೂಕವನ್ನಲ್ಲ. ಹಾಗೆಯೇ ಇಲ್ಲಿ ದೊಡ್ಡ ಪಂಪು ಸಿಹಿನೀರಾಗಿ ಹೊರಹೋಗುವ ಪಾಲನ್ನು ಮಾತ್ರ ಒತ್ತಡಕ್ಕೇರಿಸಿದರೆ ಸಾಕು. ಬ್ರೈನಾಗಿ ಹೋಗಲಿರುವ ಪಾಲಿನ ಕೆಲಸವನ್ನು ಹೊರಟುನಿಂತ ಬ್ರೈನೇ ಮಾಡುತ್ತದೆ.

ಈ ಆಲೋಚನೆ 1960ರ ದಶಕದಲ್ಲೇ ಕಾಗದದ ಮೇಲಿತ್ತು. ಯಂತ್ರವಾಗಿ ಬಂದದ್ದು ಎರಡು ಬಗೆಯಲ್ಲಿ. ಒಂದು ಪಿಸ್ಟನ್ನಿನದು. ಉದ್ದನೆಯ ಎರಡು ಉಕ್ಕಿನ ಕೊಳವೆಗಳು, ಒಳಗೆ ಜಾರುವ ಪಿಸ್ಟನ್ನು, ತುದಿಯಲ್ಲಿ ಕವಾಟ. ಒಂದು ಕೊಳವೆಯಲ್ಲಿ ಬ್ರೈನ್ ಕಡಲನೀರನ್ನು ಪೊರೆಯ ಕಡೆಗೆ ತಳ್ಳುವಾಗ ಇನ್ನೊಂದರಲ್ಲಿ ಹೊಸ ಕಡಲನೀರು ಬಂದು ಬಲ ಕಳೆದುಕೊಂಡ ಬ್ರೈನನ್ನು ಹೊರಗಟ್ಟುತ್ತದೆ. ಆಮೇಲೆ ಪಾತ್ರ ಬದಲು. ಸ್ವಿಟ್ಜರ್ಲೆಂಡಿನ ಕ್ಯಾಲ್ಡರ್ ಕಂಪನಿ ಬೆಳೆಸಿದ ಈ ‘ಡ್ವೀರ್’ ಯಂತ್ರಗಳನ್ನು ಇಸ್ರೇಲಿನ ಅಶ್ಕೆಲಾನ್ ಸ್ಥಾವರ 2005ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿತು.

ಎರಡನೆಯದು ತಿರುಗುವ ರೋಟರಿನದು. ನಾರ್ವೆಯ ಲೈಫ್ ಹೌಗೆ ಇದನ್ನು ರೂಪಿಸಿದರು, ಅದನ್ನು ಮಾರುಕಟ್ಟೆಗೆ ತರಲು 1992ರಲ್ಲಿ ಎನರ್ಜಿ ರಿಕವರಿ ಕಂಪನಿ ಹುಟ್ಟಿತು. ತಾವರೆದಂಟನ್ನು ಅಡ್ಡಕ್ಕೆ ಕೊಯ್ದರೆ ಸುತ್ತ ತೂತುಗಳು ಕಾಣುತ್ತವಲ್ಲ, ರೋಟರು ಹಾಗಿರುತ್ತದೆ. ಬಿಳಿ ಪಿಂಗಾಣಿಯಂಥ ಅಲ್ಯುಮಿನಾದ ಸಿಲಿಂಡರು, ಉದ್ದಕ್ಕೂ ಹಾದುಹೋಗುವ ನಾಳಗಳು. ಎರಡು ತುದಿಗೂ ಪಿಂಗಾಣಿಯ ಮುಚ್ಚಳ, ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಆ ಸಂದಿನಲ್ಲಿ ಹರಿಯುವ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ನೀರು ಓರೆಯಾಗಿ ನುಗ್ಗುವ ರಭಸಕ್ಕೇ ರೋಟರು ತಿರುಗುತ್ತದೆ, ಮೋಟಾರು ಬೇಕಿಲ್ಲ. ನಿಮಿಷಕ್ಕೆ ಸುಮಾರು 1200 ಸುತ್ತು ಎಂದರೆ ಸೆಕೆಂಡಿಗೆ ಇಪ್ಪತ್ತು ಸಲ ಪ್ರತಿ ನಾಳವೂ ಬ್ರೈನಿನ ಬಾಯಿಗೂ ಕಡಲನೀರಿನ ಬಾಯಿಗೂ ಎದುರಾಗುತ್ತದೆ. ಪಿಸ್ಟನ್ನೇ ಇಲ್ಲ. ಎರಡು ನೀರುಗಳು ಮುಖಾಮುಖಿಯಾಗಿ ತಳ್ಳಾಡುತ್ತವೆ, ಬೆರೆಯುವಷ್ಟು ಸಮಯ ಸಿಗುವ ಮೊದಲೇ ನಾಳ ಮುಂದೆ ಸರಿದಿರುತ್ತದೆ. ಚಲಿಸುವ ಭಾಗ ಒಂದೇ ಒಂದು. ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ಸುಂದರ ಯಂತ್ರಕಲ್ಪನೆ ಇದು.

ನಮ್ಮ ಲೆಕ್ಕದಲ್ಲಿ ಈ ಬಗೆಯ ಯಂತ್ರ ಇಟ್ಟರೆ, ಸಣ್ಣ ಸಹಾಯಕ ಪಂಪಿನ ಖರ್ಚೂ ಸೇರಿ, ಸಾವಿರ ಲೀಟರಿಗೆ ಎರಡೂಕಾಲು ಯೂನಿಟ್ ಸಾಕು. ಪೆಲ್ಟನ್ನಿಗಿಂತ ಮುಕ್ಕಾಲು ಯೂನಿಟ್ ಕಡಿಮೆ. ದಿನಕ್ಕೆ 3 ಕೋಟಿ ಲೀಟರಿನ ಸ್ಥಾವರಕ್ಕೆ ಅದು ದಿನಕ್ಕೆ 22 ಸಾವಿರ ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ 200 ಯೂನಿಟ್‌ನ ಅಳತೆಯಲ್ಲಿ ಹೇಳುವುದಾದರೆ, ನೂರಹತ್ತು ಮನೆಗಳ ಒಂದು ತಿಂಗಳ ವಿದ್ಯುತ್ತು ಪ್ರತಿದಿನವೂ ಉಳಿಯುತ್ತದೆ. 2006ರಲ್ಲಿ ಶುರುವಾದ ಆಸ್ಟ್ರೇಲಿಯಾದ ಪರ್ತ್ ಸ್ಥಾವರ ಈ ರೋಟರುಗಳನ್ನು ನೆಚ್ಚಿಕೊಂಡಿತು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಪೋರ್ಟ್ ಹ್ಯೂನೀಮಿಯಲ್ಲಿ ನಡೆದ ಸಾರ್ವಜನಿಕ ಪ್ರಯೋಗವೊಂದು ಪೊರೆಯ ಹಂತದ ಖರ್ಚನ್ನು ಸಾವಿರ ಲೀಟರಿಗೆ 1.58 ಯೂನಿಟ್‌ಗೆ ಇಳಿಸಿ ತೋರಿಸಿತು. ಆ ಮೇಲೆ ದೊಡ್ಡ ಹೊಸ ಸ್ಥಾವರಗಳಲ್ಲಿ ಚಕ್ರವೋ ಕೈಬದಲೋ ಎಂಬ ಚರ್ಚೆ ಬಹುಮಟ್ಟಿಗೆ ಮುಗಿಯಿತು. ಕೈಬದಲಿನವರು ಗೆದ್ದರು, ನ್ಯಾಯವಾಗಿಯೇ ಗೆದ್ದರು.

98ರ ಅಂಕಿ ಹೇಳದ ಮಾತು

ಗೆದ್ದವರೊಳಗೆ ಮತ್ತೆ ಎರಡು ಪಕ್ಷ. ರೋಟರಿನಲ್ಲಿ ಸ್ವಲ್ಪ ಬ್ರೈನ್ ಒಳಬರುವ ನೀರಿಗೆ ಬೆರೆತೇ ಬೆರೆಯುತ್ತದೆ, ಪ್ರಮಾಣದಲ್ಲಿ ನೂರಕ್ಕೆ ಆರರಷ್ಟು. ಇದರಿಂದ ಪೊರೆಯ ಮುಂದಿನ ನೀರಿನ ಉಪ್ಪು ಸುಮಾರು ಎರಡೂವರೆ ಶೇಕಡಾ ಏರುತ್ತದೆ. ಅದನ್ನು ಮೀರಲು ಪಂಪು ಇನ್ನಷ್ಟು ಒತ್ತಬೇಕು. ಪಿಸ್ಟನ್ನಿನಲ್ಲಿ ನಡುವೆ ಗೋಡೆಯಂತೆ ಪಿಸ್ಟನ್ನೇ ಇರುವುದರಿಂದ ಬೆರಕೆ ತೀರ ಕಡಿಮೆ. ಆದರೆ ಅದಕ್ಕೆ ಜಾಗ ಹೆಚ್ಚು, ಕವಾಟಗಳು ಹೆಚ್ಚು, ಸವೆಯುವ ಭಾಗಗಳು ಹೆಚ್ಚು, ನಿಯಂತ್ರಣ ಜಟಿಲ. ರೋಟರಿನವರು ಒಂದು ಕೆಟ್ಟರೂ ಉಳಿದ ಹತ್ತಾರು ಓಡುತ್ತಿರುತ್ತವೆ ಎನ್ನುತ್ತಾರೆ. ಆ ಕಿರಿದಾದ ಸಂದಿಗೆ ಮರಳಿನ ಕಣ ಹೊಕ್ಕರೆ ಗತಿಯೇನು ಎಂಬುದು ಪಿಸ್ಟನ್ನಿನವರ ಪ್ರಶ್ನೆ. ಎರಡರಲ್ಲೂ ಹುರುಳಿದೆ.

ಇಲ್ಲಿ ಓದುಗರು ಒಂದು ಅಂಕಿಯ ಬಗ್ಗೆ ಎಚ್ಚರದಿಂದಿರಬೇಕು. ತಯಾರಕರ ಕೈಪಿಡಿಗಳಲ್ಲಿ ‘98 ಶೇಕಡಾ ದಕ್ಷತೆ’ ಎಂದಿರುತ್ತದೆ. ಅದು ಸುಳ್ಳಲ್ಲ. ಯಂತ್ರದೊಳಗೆ ಹೋದ ಒತ್ತಡದ ಶಕ್ತಿಯಲ್ಲಿ ಅನುಕೂಲ ಸ್ಥಿತಿಯಲ್ಲಿ 98 ಪಾಲು ಹೊರಗೆ ಸಿಕ್ಕಿತು ಎಂದಷ್ಟೇ ಅದರ ಅರ್ಥ. ಬೆರಕೆಯಿಂದಾಗುವ ನಷ್ಟ ಅದರಲ್ಲಿ ಇಲ್ಲ. ಕಡಲಿನಿಂದ ನೀರೆತ್ತುವ, ಸೋಸುವ, ಊರಿಗೆ ಕಳಿಸುವ ಪಂಪುಗಳ ಖರ್ಚೂ ಇಲ್ಲ. ಇಡೀ ಸ್ಥಾವರದ ವಿದ್ಯುತ್ತಿನಲ್ಲಿ 98 ಪಾಲು ಉಳಿಯುತ್ತದೆ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ, ಅಥವಾ ಹಾಗೆ ಅರ್ಥವಾಗಲಿ ಎಂದು ಬರೆದರೆ, ಅದು ತಪ್ಪು.

ಯಂತ್ರ ಬದಲಾದಾಗ ಸ್ಥಾವರದ ನಕ್ಷೆಯೂ ಬದಲಾಯಿತು. ಚಕ್ರದ ಕಾಲದಲ್ಲಿ ಪಂಪು, ಪೊರೆ, ಟರ್ಬೈನು ಒಂದಕ್ಕೊಂದು ಕಟ್ಟಿದ ಜೋಡೆತ್ತುಗಳಂತಿದ್ದವು. ಈಗ ಅವು ಬಿಡಿಬಿಡಿ. ಅಶ್ಕೆಲಾನಿನಲ್ಲಿ ಪಂಪುಗಳದ್ದು ಒಂದು ಕೇಂದ್ರ, ಪೊರೆಗಳದ್ದು ಒಂದು, ಶಕ್ತಿ ಮರಳಿ ಪಡೆಯುವುದು ಇನ್ನೊಂದು. ಪಂಪು ದೊಡ್ಡದಾದಷ್ಟೂ ಅದರ ದಕ್ಷತೆ ಏರುವುದರಿಂದ ಕೆಲವೇ ದೈತ್ಯ ಪಂಪುಗಳು ಇಡೀ ಸ್ಥಾವರಕ್ಕೆ ಸಾಕಾದವು. ದಿನಕ್ಕೆ 62.4 ಕೋಟಿ ಲೀಟರ್ ಸಾಮರ್ಥ್ಯದ, ಇಸ್ರೇಲಿನದೇ ಆದ ಸೊರೆಕ್ ಸ್ಥಾವರ 2013ರಲ್ಲಿ ಶುರುವಾದದ್ದು ಈ ಬೆಳವಣಿಗೆಯ ಮುಂದುವರಿಕೆಯಾಗಿ.

ಇನ್ನೊಂದು ಬದಲಾವಣೆಯ ಬಗ್ಗೆ ಕಡಿಮೆ ಮಾತಾಡುತ್ತಾರೆ, ನನಗೆ ಅದು ಹೆಚ್ಚು ಮುಖ್ಯ. ಚಕ್ರವಿದ್ದಾಗ ಬ್ರೈನ್ ಕಡಿಮೆಯಾದಷ್ಟೂ ಲಾಭ, ಹಾಗಾಗಿ ನೂರಕ್ಕೆ 45, 50 ಪಾಲು ಸಿಹಿನೀರು ಹಿಂಡುವ ಒತ್ತಾಯವಿತ್ತು. ಬ್ರೈನಿನ ಶಕ್ತಿ ಬಹುಪಾಲು ವಾಪಸಾಗುವಾಗ ಆ ಒತ್ತಾಯವಿಲ್ಲ, 40 ಪಾಲಿಗೇ ನಿಲ್ಲಿಸಿ ಕಡಿಮೆ ಒತ್ತಡದಲ್ಲಿ ಓಡಿಸಬಹುದು. 50 ಪಾಲು ಹಿಂಡಿದರೆ ಸಮುದ್ರಕ್ಕೆ ಮರಳುವ ನೀರಿನಲ್ಲಿ ಲೀಟರಿಗೆ 70 ಗ್ರಾಂ ಉಪ್ಪು, 40ಕ್ಕೆ ನಿಲ್ಲಿಸಿದರೆ 58 ಗ್ರಾಂ. ಪೈಪು ಬಾಯಿಬಿಡುವ ಜಾಗದ ಮೀನಿಗೆ, ಚಿಪ್ಪಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಅಷ್ಟೇ ಸಿಹಿನೀರಿಗೆ ಕಡಲಿನಿಂದ ಎಳೆಯಬೇಕಾದ ನೀರು ಹೆಚ್ಚುತ್ತದೆ, ಅದರೊಡನೆ ಬರುವ ಮೊಟ್ಟೆ, ಮರಿಗಳೂ ಹೆಚ್ಚುತ್ತವೆ, ಸೋಸುವ ಖರ್ಚೂ ಏರುತ್ತದೆ. ಎರಡರಲ್ಲಿ ಯಾವುದು ಕಡಲಿಗೆ ಕಡಿಮೆ ಹಾನಿ ಎಂಬುದು ಒಂದೊಂದು ದಡಕ್ಕೂ ಬೇರೆಯಾಗುತ್ತದೆ.

ಪೊರೆಯ ಬಳಿ ಕಳೆಯುವ ಅರ್ಧ ಯೂನಿಟ್

ಹಾಗಾದರೆ ಉಳಿಸಲು ಇನ್ನೆಷ್ಟಿದೆ? 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೆನಾಖೆಮ್ ಎಲಿಮೆಲೆಕ್ ಮತ್ತು ವಿಲಿಯಂ ಫಿಲಿಪ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಪ್ರಶ್ನೆಗೆ ಗಡಿ ಹಾಕಿತು. ಕಡಲನೀರಿನ ಅರ್ಧವನ್ನು ಸಿಹಿಯಾಗಿಸಲು ಪ್ರಕೃತಿನಿಯಮವೇ ಕೇಳುವ ಕನಿಷ್ಠ ಬೆಲೆ ಸಾವಿರ ಲೀಟರಿಗೆ 1.06 ಯೂನಿಟ್. ಯಾವ ಯಂತ್ರವೂ ಅದಕ್ಕಿಂತ ಕೆಳಗಿಳಿಯದು. ಒಂದೇ ಹಂತದಲ್ಲಿ, ಒಂದೇ ಒತ್ತಡದಲ್ಲಿ ಓಡುವ ಸ್ಥಾವರಕ್ಕೆ, ಪಂಪೂ ಶಕ್ತಿ ಮರಳಿಸುವ ಯಂತ್ರವೂ ನೂರಕ್ಕೆ ನೂರು ದಕ್ಷವಾಗಿದ್ದರೂ, ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು.

ನಡುವಿನ ಆ ಅರ್ಧ ಯೂನಿಟ್ ಎಲ್ಲಿ ಹೋಗುತ್ತದೆ? ಕೊಳವೆಯ ಆರಂಭದಲ್ಲಿ ನೀರಿಗೆ 27 ಬಾರ್‌ನ ಎದುರೊತ್ತಡ, ಕೊನೆಯಲ್ಲಿ ಅದರ ಎರಡರಷ್ಟು. ಸ್ಥಾವರ ಕೊನೆಯ ಎದುರೊತ್ತಡಕ್ಕೆ ತಕ್ಕ ಬಲವನ್ನು ಆರಂಭದಿಂದಲೇ ಕೊಡುತ್ತದೆ. ಬೆಟ್ಟದ ಮೆಟ್ಟಿಲು ಹತ್ತುವ ಎಲ್ಲರನ್ನೂ, ಅರ್ಧಕ್ಕೇ ನಿಲ್ಲುವವರನ್ನೂ ಸೇರಿಸಿ, ತುದಿಯವರೆಗೆ ಹೊತ್ತೊಯ್ದು ಆಮೇಲೆ ಕೆಳಗೆ ಬಿಟ್ಟಂತೆ. ಈ ನಷ್ಟ ಪೊರೆಯ ಮೈಯಲ್ಲೇ ಆಗುತ್ತದೆ. ಬ್ರೈನಿನ ಪೈಪಿನ ತುದಿಯಲ್ಲಿ ಎಂಥ ಯಂತ್ರ ಕೂರಿಸಿದರೂ ಅದು ವಾಪಸು ಬರದು.

ಇದರಿಂದ ಮೂರು ದಾರಿಗಳು ಹೊರಟವು. ಎಲಿಮೆಲೆಕ್ ಅವರಂಥವರು ಪೊರೆಯ ಹಂತದಲ್ಲಿ ಉಳಿಸಲು ಹೆಚ್ಚೇನೂ ಬಾಕಿಯಿಲ್ಲ ಎಂದರು. ಇಡೀ ಸ್ಥಾವರಕ್ಕೆ 3ರಿಂದ 4 ಯೂನಿಟ್ ಖರ್ಚಾಗುತ್ತಿದೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ಯೂನಿಟ್ ನೀರೆತ್ತುವುದು, ಸೋಸುವುದು, ಪೊರೆಗೆ ಪಾಚಿ ಕಟ್ಟದಂತೆ ನೋಡಿಕೊಳ್ಳುವುದಕ್ಕೇ ಹೋಗುತ್ತದೆ, ಹುಡುಕುವುದಾದರೆ ಅಲ್ಲಿ ಹುಡುಕಿ ಎಂಬುದು ಅವರ ಮಾತು.

ಎರಡನೆಯವರು ಒತ್ತಡವನ್ನೇ ಹಂತಹಂತವಾಗಿ ಏರಿಸಬೇಕೆನ್ನುತ್ತಾರೆ. ಒಂದಷ್ಟು ನೀರನ್ನು ಕೂಡಿಹಾಕಿ, ಪೊರೆಯ ಮುಂದೆ ಸುತ್ತಿಸುತ್ತ, ಗಟ್ಟಿಯಾದಂತೆಲ್ಲ ಒತ್ತಡ ಏರಿಸಿ, ಕೊನೆಗೆ ಖಾಲಿ ಮಾಡಿ ಹೊಸದು ತುಂಬುವ ವಿಧಾನ. ಇಸ್ರೇಲಿನ ಅವಿ ಎಫ್ರಾತಿ ಇದರ ಒಂದು ರೂಪವನ್ನು ಬಳಕೆಗೆ ತಂದರು, ಎಂಐಟಿಯ ಜಾನ್ ಲೀನ್‌ಹಾರ್ಡ್ ಅವರ ಬಳಗ ಇದರ ಸಿದ್ಧಾಂತವನ್ನು ವಿಸ್ತರಿಸಿತು. ಕಾರ್ಖಾನೆಗಳಲ್ಲಿ, ಉಪ್ಪಾದ ಅಂತರ್ಜಲಕ್ಕೆ ಇದು ಚೆನ್ನಾಗಿ ಕೆಲಸ ಮಾಡಿದೆ. ದೊಡ್ಡ ಕಡಲ ಸ್ಥಾವರಗಳಲ್ಲಿ ಇನ್ನೂ ನೆಲೆಯೂರಿಲ್ಲ. ಪ್ರತಿ ಸುತ್ತಿಗೂ ಒತ್ತಡ ಏರಿ ಇಳಿದರೆ ಪೊರೆ ಎಷ್ಟು ವರ್ಷ ತಾಳೀತು, ಖಾಲಿ ಮಾಡಿ ತುಂಬುವ ಹೊತ್ತು ಎಷ್ಟು ಹಾಳು, ಕೊಳವೆಯಲ್ಲಿ ಉಳಿದ ಹಳೆಯ ಬ್ರೈನಿನ ಬೆರಕೆ ಲಾಭದಲ್ಲಿ ಎಷ್ಟನ್ನು ತಿಂದೀತು ಎಂಬ ಪ್ರಶ್ನೆಗಳು ಎದುರಿಗಿವೆ.

ಮೂರನೆಯದು ನಡುದಾರಿ. ಎರಡೇ ಹಂತ ಮಾಡಿ, ಎರಡನೆಯದಕ್ಕೆ ಮಾತ್ರ ಹೆಚ್ಚಿನ ಒತ್ತಡ ಕೊಡುವುದು. ಆ ಹೆಚ್ಚಿನ ಒತ್ತಡ ಕೊಡಲು ಮೋಟಾರಿಲ್ಲದ ಟರ್ಬೋಚಾರ್ಜರ್ ಹೇಳಿ ಮಾಡಿಸಿದಂತಿದೆ. ಸೋತಿತೆಂದು ಬದಿಗೆ ಸರಿಸಿದ ಯಂತ್ರ ಹೀಗೆ ಬೇರೆ ಬಾಗಿಲಿನಿಂದ ಒಳಬಂದಿದೆ.

ಉಪ್ಪಿನಲ್ಲೇ ಕೂತ ಶಕ್ತಿ

ಇಷ್ಟೂ ಹೊತ್ತು ಮಾತಾಡಿದ್ದು ಬ್ರೈನಿನ ಒತ್ತಡದ ಬಗ್ಗೆ. ಅದರ ಉಪ್ಪಿನಲ್ಲೂ ಶಕ್ತಿಯಿದೆ. ಸಿಹಿನೀರನ್ನು ಗಟ್ಟಿ ಉಪ್ಪುನೀರಿನ ಪಕ್ಕ ಪೊರೆಯಾಚೆ ಇಟ್ಟರೆ ಅದು ತಾನಾಗಿ ನುಗ್ಗಿ ಒತ್ತಡ ಹುಟ್ಟಿಸುತ್ತದೆ, ಅದರಿಂದ ಟರ್ಬೈನು ತಿರುಗಿಸಬಹುದು. 1970ರ ದಶಕದಲ್ಲಿ ಇದನ್ನು ಮುಂದಿಟ್ಟವರೂ ಪೊರೆ ಕಂಡುಹಿಡಿದ ಅದೇ ಸಿಡ್ನಿ ಲೋಬ್. ನಾರ್ವೆಯ ಸ್ಟಾಟ್‌ಕ್ರಾಫ್ಟ್ ಕಂಪನಿ 2009ರ ನವೆಂಬರಿನಲ್ಲಿ ತೋಫ್ತೆಯಲ್ಲಿ ನದಿನೀರು, ಕಡಲನೀರು ಬಳಸಿ ಪ್ರಯೋಗಸ್ಥಾವರ ತೆರೆಯಿತು. ಸಿಕ್ಕಿದ್ದು ಕೆಲವೇ ಕಿಲೋವ್ಯಾಟ್. ನಾಲ್ಕು ವರ್ಷಗಳಲ್ಲಿ ಕೈಬಿಟ್ಟಿತು.

ಕಡಲನೀರಿನ ಬದಲು ಆರ್‌ಓ ಬ್ರೈನ್ ಬಳಸಿದರೆ ಉಪ್ಪು ಎರಡರಷ್ಟಿರುವುದರಿಂದ ಬಲವೂ ಹೆಚ್ಚು. 2025ರ ಆಗಸ್ಟಿನಲ್ಲಿ ಜಪಾನಿನ ಫುಕುಓಕಾದಲ್ಲಿ ಅಂಥದೊಂದು ಘಟಕ ಶುರುವಾಯಿತು. ಒಂದು ಕಡೆ ಅಲ್ಲಿನ ಉಪ್ಪಿಳಿಸುವ ಸ್ಥಾವರದ ಬ್ರೈನ್, ಇನ್ನೊಂದು ಕಡೆ ಶುದ್ಧೀಕರಿಸಿದ ಕೊಳಚೆನೀರು. ವರ್ಷಕ್ಕೆ ಸುಮಾರು 8 ಲಕ್ಷದ 80 ಸಾವಿರ ಯೂನಿಟ್ ನಿರೀಕ್ಷೆ. ಪ್ರಯತ್ನಕ್ಕೆ ಗೌರವ ಸಲ್ಲಬೇಕು, ಬ್ರೈನ್ ಸಮುದ್ರ ಸೇರುವ ಮೊದಲು ತೆಳುವಾಗುವುದೂ ಒಳ್ಳೆಯದೇ. ಆದರೂ ನನಗೊಂದು ಆಕ್ಷೇಪವಿದೆ. ಶುದ್ಧೀಕರಿಸಿದ ಕೊಳಚೆನೀರಿನಲ್ಲಿ ಉಪ್ಪು ಕಡಿಮೆ. ಅದನ್ನೇ ಇನ್ನಷ್ಟು ಸೋಸಿ ಮರುಬಳಸಲು ಕಡಲನೀರಿಗೆ ಬೇಕಾದ ವಿದ್ಯುತ್ತಿನ ಒಂದು ಪಾಲು ಸಾಕು. ನೀರಿನ ಬರವಿರುವ ಊರು ಅಂಥ ನೀರನ್ನು ಬ್ರೈನಿಗೆ ಬೆರೆಸಿ ಕಡಲಿಗೆ ಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ಬಿಸಿಲು ಅಗ್ಗವಾದಾಗ

ಶಕ್ತಿ ಉಳಿಸುವ ಚಿಂತೆಯೇ ಹಳತಾಗುತ್ತಿದೆ ಎನ್ನುವ ಹೊಸ ವಾದವೂ ಇದೆ. ಮರುಭೂಮಿಯಲ್ಲಿ ಸೌರವಿದ್ಯುತ್ತು ಅಗ್ಗ. ಹಗಲಿಗೆ ಬೇಕಾದಷ್ಟಿರುವಾಗ ಅರ್ಧ ಯೂನಿಟ್‌ಗಾಗಿ ದುಬಾರಿ ಯಂತ್ರ ಯಾಕೆ ಎಂದು ಕೇಳುತ್ತಾರೆ. ಆದರೆ ಹಗಲು ಮಾತ್ರ ಓಡುವ ಸ್ಥಾವರಕ್ಕೆ ಅಷ್ಟೇ ನೀರಿಗೆ ಎರಡು ಮೂರು ಪಟ್ಟು ಪೊರೆ, ಪಂಪು, ಪೈಪು ಬೇಕು. ನಿಂತು ಹೊರಟು ನಿಂತು ಹೊರಟು ಪೊರೆ ಬೇಗ ಸೊರಗುತ್ತದೆ. ಬಿಸಿಲಿಗೆ ಬೆಲೆಯಿಲ್ಲದಿರಬಹುದು, ಉಪ್ಪು ತಾಳುವ ಉಕ್ಕಿಗಿದೆ.

ಇತ್ಯರ್ಥವಾಗದೆ ಉಳಿದದ್ದು

ಬ್ರೈನಿನ ಒತ್ತಡವನ್ನು ಮರಳಿ ಪಡೆಯುವ ಪ್ರಶ್ನೆ, ದೊಡ್ಡ ಸ್ಥಾವರಗಳ ಮಟ್ಟಿಗೆ, ಬಗೆಹರಿದಂತೆಯೇ. ಒತ್ತಡ ಏರಿಳಿಸುವ ವಿಧಾನ ಕಡಲನೀರಿನಲ್ಲಿ ಹತ್ತು ವರ್ಷ ತಾಳುತ್ತದೆಯೇ ಎಂಬುದು ಬಗೆಹರಿದಿಲ್ಲ. ಎಷ್ಟು ಪಾಲಿಗೆ ನಿಲ್ಲಿಸಿದರೆ ವಿದ್ಯುತ್ತು, ಮೀನು ಎರಡೂ ಉಳಿಯುತ್ತವೆ ಎಂಬುದೂ ಇಲ್ಲ. ಸಣ್ಣ ಸ್ಥಾವರಗಳ ಪ್ರಶ್ನೆಯಂತೂ ಹೆಚ್ಚು ಜನರ ಗಮನಕ್ಕೇ ಬಂದಿಲ್ಲ. ದ್ವೀಪಗಳಿಗೆ, ದೋಣಿಗಳಿಗೆ ಪುಟ್ಟ ಪಿಸ್ಟನ್ ಯಂತ್ರಗಳಿವೆ. ಆದರೆ ಒಂದು ಮೀನುಗಾರರ ಹಳ್ಳಿಗೆ ಸಾಕಾಗುವ, ಅಲ್ಲಿನವರೇ ರಿಪೇರಿ ಮಾಡಬಲ್ಲ, ಅಗ್ಗದ ಯಂತ್ರ ಇನ್ನೂ ಸುಲಭಕ್ಕೆ ಸಿಗುವಂತಾಗಿಲ್ಲ. ಕೋಟಿಗಟ್ಟಲೆ ಲೀಟರಿನ ಸ್ಥಾವರಕ್ಕೆ 98 ಶೇಕಡಾ ದಕ್ಷತೆಯ ಯಂತ್ರ, ಹಳ್ಳಿಯ ಸ್ಥಾವರಕ್ಕೆ ಬರಿ ಕವಾಟ. ಈ ಅಂತರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಇದು ದೂರದ ದೇಶಗಳ ವಿಷಯವಾಗಿ ಉಳಿದಿಲ್ಲ. ಚೆನ್ನೈಯ ಮೀಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ದಿನಕ್ಕೆ 10 ಕೋಟಿ ಲೀಟರಿನ ಸ್ಥಾವರಗಳಿವೆ. ನೆಮ್ಮೇಲಿಯಲ್ಲಿ 2024ರಲ್ಲಿ 15 ಕೋಟಿ ಲೀಟರಿನ ಇನ್ನೊಂದು ಸೇರಿತು, ಪೇರೂರಿನಲ್ಲಿ 40 ಕೋಟಿ ಲೀಟರಿನದ್ದನ್ನು ಕೈಗೆತ್ತಿಕೊಂಡಿದ್ದಾರೆ. ನಮ್ಮಲ್ಲೂ 2019ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿದಾಗ ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಈಗ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಅದರ ಸ್ವಂತ ಕಡಲನೀರಿನ ಸ್ಥಾವರವಿದೆ.

ಕರಾವಳಿಗೆ ಇನ್ನೂ ಇಂಥ ಯೋಜನೆಗಳು ಬರಬಹುದು. ಪ್ರಕಟಣೆಯಲ್ಲಿ ಎಷ್ಟು ಕೋಟಿ ರೂಪಾಯಿ, ಎಷ್ಟು ಕೋಟಿ ಲೀಟರ್ ಎಂಬ ಎರಡು ಅಂಕಿ ತಪ್ಪದೆ ಇರುತ್ತವೆ. ಕಡಲಿನಿಂದ ನಲ್ಲಿಯವರೆಗೆ ಸಾವಿರ ಲೀಟರಿಗೆ ಎಷ್ಟು ಯೂನಿಟ್, ಸಮುದ್ರಕ್ಕೆ ಮರಳುವ ನೀರಿನಲ್ಲಿ ಲೀಟರಿಗೆ ಎಷ್ಟು ಗ್ರಾಂ ಉಪ್ಪು ಎಂಬ ಇನ್ನೆರಡು ಅಂಕಿಗಳನ್ನೂ ಅಹವಾಲು ಸಭೆಯಲ್ಲಿ ಎದ್ದು ನಿಂತು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.